ಆರನೇ ಸೆಮಿಸ್ಟರಿನ ಹೋಳಿಗೆ

ಮೇ 12, ಸೋಮವಾರ

ಗಿರಣಿಯಲ್ಲಿ ಕರೆಂಟ್ ಇರಲಿಲ್ಲ. ಹಿಟ್ಟು ತರುವಷ್ಟರಲ್ಲಿ ಹೊತ್ತಾಯಿತು. ಬದನೆಕಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ. ಹುಡುಗಿಯರು ಮೇಲಿನ ಕೋಣೆಯಿಂದ ಇಳಿದೇ ಇಲ್ಲ. ಇಂಟರ್ನಲ್ ಮುಗಿದಿವೆ, ಪ್ರಾಕ್ಟಿಕಲ್ ಇನ್ನೂ ಇವೆ. ಹಾಸಿಗೆಯಲ್ಲೇ ಓದು. ಹಸಿವು ಮಾತ್ರ ದುಪ್ಪಟ್ಟು.

ಈ ಮನೆಗೆ ಯುಗಾದಿಗಿಂತ ಸೆಮಿಸ್ಟರ್ ದೊಡ್ಡದು. ಕ್ಲಾಸು ಶುರುವಾದರೆ ಹೊಸ ವರ್ಷ. ಕೊನೆಯ ಪೇಪರಿನ ದಿನ ಹೋಳಿಗೆ. ಅವರು ಊರಿಗೆ ಹೋಗುತ್ತಾರೆ, ಒಲೆಗೆ ರಜೆ. ಖಾನಾವಳಿ ಹಾಕಿದಾಗಿನಿಂದ ಹೀಗೇ.

ಮೇ 15

ತಾಟು ತೊಳೆದಿಟ್ಟೆ. ಇಲ್ಲಿ ಉಣ್ಣುವ ಪ್ರತಿ ಹುಡುಗಿಗೂ ಹೆಸರು ಕೊರೆಸಿದ ತಾಟು. ಓದು ಮುಗಿದ ಮೇಲೆ ಅದನ್ನು ಊರಿಗೆ ಒಯ್ಯುತ್ತಾರೆ. ಆರತಿಯ ತಾಟು ಗೂಡಿನಲ್ಲಿದೆ. ಯಾರೂ ಉಣ್ಣುವುದಿಲ್ಲ. ಆದರೂ ತೊಳೆಯುತ್ತೇನೆ.

ಈಗ ಉಳಿದಿರುವ ಗಾರ್ಗಿ, ಫರಹತ ಇಬ್ಬರೂ ನನ್ನ ಮಗಳು ಆರತಿಯ ಕ್ಲಾಸಿನವರೇ. ಊಟಕ್ಕೆ ಕೂತಾಗ ಗಾರ್ಗಿ ಅಂದಳು, "ಕಾಕೂ, ಹಾಜರಿ ಕರಿಯೂ ಮುಂದ ಆರತಿ ನಂಬರ್ ಬಂತಂದ್ರ ಸರ್ ಇನ್ನೂ ಒಂದ್ ಗಳಿಗಿ ನಿಂದರ್ತಾರ. ಆಮ್ಯಾಲೆ ಮುಂದಿನ ನಂಬರ್."

ಇನ್ನೊಂದು ರೊಟ್ಟಿ ಹಾಕಿದೆ.

ಹೋದ ವರ್ಷ ನಾಲ್ಕನೇ ಸೆಮ್. ಪ್ರಾಕ್ಟಿಕಲ್ ಹತ್ತಿರ ಇದ್ದವು. ಆರತಿಗೆ ಡೆಂಗಿ ಜ್ವರ. ಉಳಿಯಲಿಲ್ಲ. ಕಾಲೇಜು ಒಂದು ದಿನ ರಜೆ ಕೊಟ್ಟಿತು. ಮರುದಿನ ಪಾಠ ನಡೆಯಿತು. ನಡೆಯಲೇಬೇಕಲ್ಲ... ತಾರೀಖುಗಳು ಮೊದಲೇ ಅಚ್ಚಾಗಿರುತ್ತವೆ.

ಮೇ 29

ಪರೀಕ್ಷೆ ಮುಂದೆ ಹೋಯಿತು. ಜುಲೈಗೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಒಂದು ಸುತ್ತೋಲೆ ಬಂದಿದೆ, ಅಷ್ಟೇ. ಮೇಲೆ ಕಿರುಚಾಟ.

"ಓದಿದ್ದೆಲ್ಲಾ ಮರತ ಹೋಗ್ತೈತ್ರಿ ಕಾಕೂ!" ಅಂದಳು ಫರಹತ.

"ನೀ ಓದಿದ್ರ ತಾನ ಮರಿಯೂದು," ಗಾರ್ಗಿ.

ಇಬ್ಬರೂ ಬೈಯುತ್ತಿದ್ದರು. ನಾನೂ ಹೌದೌದು ಅಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನನಗೆ ಖುಷಿಯಾಗಿತ್ತು. ಇವರು ಹೋದ ಮೇಲೆ ಈ ಮನೆಯಲ್ಲಿ ಆರತಿಯನ್ನು ಕಂಡವರು ಯಾರೂ ಇರುವುದಿಲ್ಲ. ಇನ್ನಷ್ಟು ದಿನ ಸಿಕ್ಕಿತು.

ಜೂನ್ 14, ಶನಿವಾರ

ಹುಬ್ಬಳ್ಳಿಯಿಂದ ತಮ್ಮ ಬಂದಿದ್ದ. ಶಿವಯೋಗೀಶ. ಖಾನಾವಳಿ ಮುಚ್ಚಿ ದೇಶಪಾಂಡೆ ನಗರಕ್ಕೆ ಬಾ, ನಮ್ಮ ಮನೆಯಲ್ಲಿರು — ವರ್ಷದಿಂದ ಅದೇ ಮಾತು. ಅವನ ತಪ್ಪಿಲ್ಲ. ನನ್ನ ಮುಖ ನೋಡಿ ಹೇಳುತ್ತಾನೆ.

"ಅಕ್ಕಾ, ಜೂನ್‌ದಾಗ ಬರ್ತೇನಿ ಅಂದಿದ್ದಿ."

"ಪರೀಕ್ಷಾ ಮುಂದ ಹೋತಲ್ಲೋ. ನಾ ಏನ್ ಮಾಡ್ಲಿ?"

"ಬರಿಯಾಕಿ ನೀನೇನು?"

ಮೆಟ್ಟಿಲ ಮೇಲಿಂದ ಫರಹತ, "ಮಾಮಾ, ಕಾಕೂ ಬರದ್ರ ನಮಗಿಂತ ಛಲೋ ಮಾರ್ಕ್ಸ್ ಬರ್ತಾವ್ರೀ!"

ನಕ್ಕ. ಹೋಗುವಾಗ ಚಪ್ಪಲಿ ಮೆಟ್ಟಿ ನಿಂತು ಕೇಳಿದ, "ಖರೇ ಹೇಳು. ಯಾವಾಗ?" ಈ ಹುಡುಗಿಯರ ಆರನೇ ಸೆಮ್ ಮುಗಿಯಲಿ ಅಂದೆ. ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು, ಆಣೆ ಮಾಡಿಸಿ ಹೋದ.

ಜುಲೈ 3

ಮೊದಲ ಪೇಪರ್. ಮೊಸರು ಸಕ್ಕರೆ ಕೊಟ್ಟೆ. ಮೂರು ಬಟ್ಟಲು ತುಂಬಿಸಿದ್ದೆ. ಗಾರ್ಗಿ ನೋಡಿದಳು. ಮೂರನೆಯದನ್ನು ಇಬ್ಬರೂ ಹಂಚಿಕೊಂಡು ತಿಂದು ಹೋದರು.

ಜುಲೈ 17, ಗುರುವಾರ

ಕೊನೆಯ ಪೇಪರ್. ಬೆಳಿಗ್ಗೆ ಕಡಲೆಬೇಳೆ ಡಬ್ಬಿ ತೆಗೆದೆ. ಮತ್ತೆ ಮುಚ್ಚಿಟ್ಟೆ. ಬೇಳೆ ಬೇಯಲಿಕ್ಕೆ ಇಟ್ಟರೆ ಮುಗಿಯಿತಲ್ಲ.

ಮಧ್ಯಾಹ್ನ ಬಂದರು. ರೊಟ್ಟಿ, ಝುಣಕ. ತಾಟು ನೋಡಿದರು, ನನ್ನನ್ನು ನೋಡಿದರು.

"ಕಾಕೂ, ಹೋಳಿಗಿ ತಿನ್ನದ ಹ್ಯಾಂಗ ಹೋಗೂದ್ರೀ?" ಫರಹತ ಮೆಲ್ಲಗೆ ಕೇಳಿದಳು.

"ಹೋಗಬ್ಯಾಡ್ರಿ," ಅಂದುಬಿಟ್ಟೆ.

ಗಾರ್ಗಿ, "ಹಂಗಾರ ಫೇಲ್ ಆಗಿ ಬರ್ತೇವಿ ಬಿಡ್ರಿ." ಯಾರೂ ನಗಲಿಲ್ಲ.

ಜುಲೈ 18

ಬೆಳಿಗ್ಗೆ ಎದ್ದರೆ ಅಡುಗೆಮನೆಯಲ್ಲಿ ಇಬ್ಬರೂ. ಮೈತುಂಬ ಮೈದಾ. ಹೂರಣ ನೀರಾಗಿದೆ, ಲಟ್ಟಿಸಿದರೆ ಹೊರಗೆ ಬರುತ್ತಿದೆ.

"ಬಡಬಡ ಸರೀರಿ ಅತ್ಲಾಗ, ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ!" ನಾನೇ ಕೂತೆ. ಹೂರಣ ಒಲೆಯ ಮೇಲಿಟ್ಟು ಗಟ್ಟಿ ಮಾಡಿದೆ. ಬೆನ್ನ ಹಿಂದೆ ಇಬ್ಬರದೂ ಆರತಿಯ ಮಾತು. ಅವಳು ಹೋಳಿಗೆಯ ಅಂಚು ಬಿಟ್ಟು ನಡುವಷ್ಟೇ ತಿನ್ನುತ್ತಿದ್ದುದು. ಅಂಚನ್ನೆಲ್ಲ ಫರಹತಳ ತಾಟಿಗೆ ಹಾಕುತ್ತಿದ್ದುದು. ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ನನ್ನ ಕಣ್ಣೆದುರೇ...

ಮೂರರ ಬಸ್ಸಿಗೆ ಹೋದರು. ತಾಟು ಚೀಲದಲ್ಲಿ ಹಾಕಿಕೊಂಡು.

ಜುಲೈ 21, ಸೋಮವಾರ. ಸಂಜೆ

ಮೂರು ದಿನ ಒಲೆ ಹಚ್ಚಿರಲಿಲ್ಲ. ಬಟ್ಟೆ ಕಟ್ಟಿಟ್ಟಿದ್ದೇನೆ. ನಾಳೆ ಶಿವಯೋಗೀಶ ಗಾಡಿ ತರುತ್ತಾನೆ.

ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಗಂಡಸು, ಒಬ್ಬ ಹುಡುಗಿ. ನವಲಗುಂದದ ಕಡೆಯವರು. ಹನುಮಪ್ಪ ಅಂತ. ಆರನೇ ಸೆಮಿನ ರಿಸಲ್ಟ್ ಇನ್ನೂ ಬಂದಿಲ್ಲ, ಅಷ್ಟರಲ್ಲೇ ಒಂದನೇ ಸೆಮ್ ಶುರುವಂತೆ. ಹಳೆಯ ವರ್ಷ ಮುಗಿಯಲಿಕ್ಕೂ ಬಿಡುವುದಿಲ್ಲ.

"ಖಾನಾವಳಿ ಬಂದ್ ಮಾಡೇನ್ರಿ," ಅಂದೆ.

"ಹಾಸ್ಟೆಲ್ ಪಟ್ಟಿ ಇನ್ನಾ ಹಚ್ಚಿಲ್ರೀ ಅಕ್ಕಾರ. ಇವತ್ತೊಂದ್ ಹೊತ್ತು ಉಣ್ಣಾಕ ಹಾಕ್ರಿ. ಮುಂಜಾನಿಂದ ಹಸದಾಳ ನಮ್ಮ ಐಶ್ವರ್ಯಾ."

ಹಿಟ್ಟು ಇತ್ತು. ಎರಡು ರೊಟ್ಟಿ ಬಡಿದೆ. ಬಡಿಸಲು ನೋಡಿದರೆ ಮನೆಯ ಪಾತ್ರೆ ಎಲ್ಲ ಕಟ್ಟಿ ಬಿಗಿದಾಗಿದೆ. ಗೂಡಿನಲ್ಲಿ ಆ ಒಂದೇ ತಾಟು — ಅದನ್ನು ಮಾತ್ರ ಕೈಯಲ್ಲಿ ಒಯ್ಯಬೇಕೆಂದು ಬಿಟ್ಟಿದ್ದೆ.

ಹುಡುಗಿ ಬೆರಳಿನಿಂದ ಅಂಚಿನ ಹೆಸರು ಸವರಿದಳು. "ಆರತಿ ಅಂದ್ರ ಯಾರ್ರೀ?"

"ನನ್ನ ಮಗಳು. ನಿಮ್ಮ ಕಾಲೇಜಿನಾಕಿನ."

"ಈಗ ಎಲ್ಲಿರ್ತಾರ್ರೀ?"

ಹೇಳಿದೆ. ಅವಳ ಕೈ ತಾಟಿನಿಂದ ಹಿಂದೆ ಸರಿಯಿತು. "ಉಣ್ಣವಾ, ಆರಿ ಹೋಗ್ತೈತಿ," ಅಂದೆ. ಉಂಡಳು. ಕೇಳುತ್ತಾ ಉಂಡಳು. ನಾನು ಹೇಳುತ್ತಾ ಕೂತೆ, ಹೋಳಿಗೆಯ ಅಂಚಿನವರೆಗೂ.

ಪಟ್ಟಿ ಹಚ್ಚುವವರೆಗೆ ಅಂತ ಹನುಮಪ್ಪ ಮಗಳನ್ನು ಇಲ್ಲೇ ಬಿಟ್ಟು ಬಸ್ಸಿಗೆ ಹೋದರು. ಈಗ ಮೇಲೆ ಗಾರ್ಗಿಯ ಮಂಚದಲ್ಲಿ ಮಲಗಿದ್ದಾಳೆ. ನಾಳೆ ಒಂಬತ್ತಕ್ಕೆ ಕ್ಲಾಸು.

ಶಿವಯೋಗೀಶನಿಗೆ ಫೋನ್ ಮಾಡಬೇಕು. ಬೈಯುತ್ತಾನೆ. ಏನು ಹೇಳಲಿ... ಈ ಹುಡುಗಿಯ ಆರನೇ ಸೆಮ್ ಮುಗಿಯಲಿ...