ನಿನ್ನ ಹೊಲಕ್ಕೆ ಉಲ್ಲಂಕಿ ಬಂದಿವೆ

ಗೆಳೆಯ ಶಿವಪ್ಪ,

ಸಾರವಾಡದ ನಿನ್ನ ಎರೆಹೊಲದಲ್ಲಿ ಈ ಶ್ರಾವಣದಲ್ಲೂ ಡೋಣಿ ಹೊಳೆಯ ನೀರು ನಿಂತಿದೆ. ಉಲ್ಲಂಕಿ ಹಕ್ಕಿಗಳು ಬಂದಿವೆ. ನೀನಿಲ್ಲದ ಮೊದಲ ವರ್ಷ. ಜಲನಗರದಿಂದ ಒಬ್ಬನೇ ಬಸ್ಸು ಹತ್ತಿ ಹೋಗಿ ಬದುವಿನ ಮೇಲೆ ಕುಳಿತೆ. ಕೆಸರಿನಂಚಿನಲ್ಲಿ ಬಾಲ ಕುಣಿಸುತ್ತ ಓಡಾಡಿ, ಕೊಕ್ಕು ಊರಿ ಹುಳ ಹೆಕ್ಕುತ್ತಿದ್ದವು. ಹಿಮಾಲಯದಾಚೆಯಿಂದ ಹಾರಿಬಂದ ದಣಿವು ಒಂದರಲ್ಲೂ ಕಾಣಲಿಲ್ಲ.

ದುರ್ಬೀನು ಹಿಡಿದ ನನ್ನನ್ನು ಬೆಳೆ ಪರಿಹಾರದ ಸರ್ವೆಗೆ ಬಂದವನೆಂದು ತಿಳಿದು ಪಕ್ಕದೂರು ನಿಡೋಣಿಯ ರೈತರು ಸುತ್ತುವರಿದದ್ದು ನೆನಪಿದೆಯೇ? ತಮ್ಮ ಹೊಲವನ್ನೂ ಬರೆದುಕೊಳ್ಳಿ ಎಂದು ದುಂಬಾಲು ಬಿದ್ದಿದ್ದರು. ನೀನು ನಗದೆ, "ಸಾಹೇಬ್ರು ಹಕ್ಕಿ ಸರ್ವೆಕ್ಕ ಬಂದಾರ್ರಿ. ಪರಿಹಾರ ಹಕ್ಕಿಗೇ ಕೊಡ್ತಾರಂತ" ಎಂದೆ. ಒಬ್ಬ ನಿಜವೆಂದೇ ನಂಬಿ ನನ್ನನ್ನು ಬೈದುಹೋದ. ಅವನ ಸಿಟ್ಟು ತಪ್ಪೆನ್ನಲು ನನಗೆ ಈಗಲೂ ಆಗದು. ಹೊಳೆ ಉಕ್ಕಿದಾಗಲೆಲ್ಲ ಹೋಗುವುದು ಅವರ ಬೆಳೆ. ಡೋಣಿಯ ಹೂಳು ತೆಗೆಸುತ್ತೇವೆಂಬ ಭಾಷಣ ಕೇಳುತ್ತಲೇ ನಮ್ಮಿಬ್ಬರ ತಲೆ ಬೆಳ್ಳಗಾಗಲಿಲ್ಲವೇ?

ಹೋದ ವಾರ ನಿಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಗುತ್ತಿಗೆದಾರ ಬಂದ. ರಸ್ತೆ ಅಗೆದು ತೆಗೆದ ಗರಸುಮಣ್ಣನ್ನು ಪುಕ್ಕಟೆ ತಂದು ಸುರಿದು ನಿನ್ನ ಹೊಲ ಎತ್ತರಿಸುತ್ತಾನಂತೆ. ಆಮೇಲೆ ನೀರು ನಿಲ್ಲುವುದಿಲ್ಲ, ಪ್ಲಾಟು ಹಾಕಬಹುದು. ನಿನ್ನ ಹೆಂಡತಿ, ನನ್ನ ವೈನಿ, ಹೂಂ ಎಂದರೆ ಮರುದಿನವೇ ಟಿಪ್ಪರು. ನನಗೆ ಸಿಟ್ಟು ನೆತ್ತಿಗೇರಿತು. ಪುಕ್ಕಟೆ ಯಾರಿಗೆ? ಗರಸು ಚೆಲ್ಲಲು ಅವನಿಗೆ ಜಾಗ ಬೇಕು, ಅಷ್ಟೆ. ಹಕ್ಕಿ, ಜೌಗು, ಕಾನೂನು ಎಂದು ಓದಿದ್ದನ್ನೆಲ್ಲ ಹೇಳತೊಡಗಿದೆ. ವೈನಿ ನನ್ನನ್ನೇ ತಡೆದರು. "ಹಕ್ಕಿ ಸಂಬಂಧ ನಾ ಹೊಲ ಇಟಗೊಂಡಿಲ್ರಿ. ಸುಮ್ಮ ಕುಂದರ್ರಿ."

ಹೊಲ ಹೋಯಿತೆಂದೇ ಎದ್ದು ಚಪ್ಪಲಿ ಹುಡುಕುತ್ತಿದ್ದೆ. ವೈನಿ ಅವನ ಕಡೆ ತಿರುಗಿದರು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಕೇಳಿಲ್ಲವೇ ಎಂದರು. ನೀರು ಇಳಿದ ಮೇಲೆ ಅಲ್ಲಿ ಹಿಂಗಾರಿ ಜೋಳ ಆಳೆತ್ತರ ಬರುವುದನ್ನು, ಎಳ್ಳು ಅಮಾವಾಸ್ಯೆಯ ಎಳ್ಳಮಾಸಿ ಹಬ್ಬಕ್ಕೆ ಬುತ್ತಿ ಒಯ್ದು, ನಿಂತ ಬೆಳೆಯಲ್ಲಿ ಅದರ ತುತ್ತುಗಳನ್ನು ಚರಗವೆಂದು ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮೇಲೆಯೇ ಮನೆಮಂದಿ ಉಣ್ಣುವುದನ್ನು ಹೇಳಿದರು. ಕೊನೆಗೆ ದನಿ ಎತ್ತರಿಸದೆ ಕೇಳಿದರು: "ಗರಸಿಗೆ ಚರಗ ಚೆಲ್ಲಾಕ ಬರತೈತೇನೊ ತಮ್ಮಾ?"

ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ.

ಪಕ್ಕದ ಹೊಲದವರು ಮಾತ್ರ ಒಪ್ಪಿದ್ದಾರೆ. ನಿನ್ನೆ ಅಲ್ಲಿ ಮೊದಲ ಟಿಪ್ಪರು ಸುರಿಯುತ್ತಲೇ ಹಕ್ಕಿಗಳೆಲ್ಲ ಎದ್ದು, ಒಂದು ಸುತ್ತು ಹಾಕಿ, ನಿನ್ನ ಹೊಲದಲ್ಲಿ ಇಳಿದವು. ಈ ಎಳ್ಳಮಾಸಿಗೆ ನಿನ್ನ ಬದಲು ಚರಗ ಚೆಲ್ಲಲು ವೈನಿ ನನ್ನನ್ನು ಕರೆದಿದ್ದಾರೆ. ಚೆಲ್ಲುವಾಗ ನೀನು ಕೂಗುತ್ತಿದ್ದ ಕೂಗು ನನಗೆ ಬಾರದು. ಅಷ್ಟರೊಳಗೆ ಕಲಿಯುತ್ತೇನೆ.