ಮದುವೆಯಾದವರನ್ನು ಬಿಡುತ್ತಾರಂತೆ

ಆವತಿ,
೨೫-೩-೧೯೬೩

ಯಜಮಾನರಿಗೆ ಅನುಸೂಯ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ವಾಸಿಯಾಯಿತೇ? ಅಲ್ಲಿನ ಚಳಿಗೆ ಉಣ್ಣೆ ಕಾಲುಚೀಲ ಕೊಟ್ಟಿದ್ದಾರೆಂದು ಬರೆದಿದ್ದಿರಿ. ಕೊಟ್ಟರೆ ಸಾಲದು, ಹಾಕಿಕೊಳ್ಳಬೇಕು. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ಚೀನಾ ಯುದ್ಧ ನಿಂತರೂ ಇಲ್ಲಿ ಗಾಳಿಸುದ್ದಿ ನಿಂತಿಲ್ಲ. ಮನೆಗೊಬ್ಬ ಗಂಡಸು ಕಡ್ಡಾಯವಾಗಿ ಮಿಲ್ಟ್ರಿಗೆ ಹೋಗಬೇಕಂತೆ, ಮದುವೆಯಾದವರನ್ನು ಮಾತ್ರ ಬಿಡುತ್ತಾರಂತೆ! ಸಂತೆಯಲ್ಲಿ ಯಾರು ಹುಟ್ಟಿಸಿದರೋ, ಗಂಡುಮಕ್ಕಳಿದ್ದವರೆಲ್ಲ ಹೆಣ್ಣು ಹುಡುಕಿಕೊಂಡು ಹೊರಟರು. ಹೋದ ವಾರ ಮಧುರೆ ಹಳ್ಳಿಯ ಆವಲಪ್ಪನವರು ಮಗ ರಾಮಾಂಜಿನಪ್ಪನನ್ನು ಕರೆದುಕೊಂಡು ನೇರ ನಮ್ಮ ಮನೆಗೇ ಬಂದರು. ನಿಮ್ಮ ತಂಗಿ ಮುನಿಲಕ್ಷ್ಮಿಯನ್ನು ತಕ್ಷಣ ಧಾರೆಯೆರೆದು ಕೊಡಬೇಕಂತೆ. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗೇ ಇತ್ತು. ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಓದಿದ ಹುಡುಗಿ ಅವಳೊಬ್ಬಳೇ. ಮಾವನವರು ಮಾತ್ರ "ಪರೀಕ್ಷೆ ಇನ್ನೊಂದ್ ವರ್ಷ ಬರ್ತದೆ, ಇಂಥ ಸಂಬಂಧ ಬರ್ತದಾ?" ಎಂದು ಒಪ್ಪಿಯೇಬಿಟ್ಟರು. ಅವಳು ಅಡುಗೆಮನೆಯಲ್ಲಿ ಪುಸ್ತಕ ತಬ್ಬಿಕೊಂಡು ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಕಾಫಿ ಲೋಟ ಹಿಡಿದು ನಡುಮನೆಗೆ ಹೋದವಳು ಕೇಳಿಯೇಬಿಟ್ಟೆ: "ಮದ್ವೆ ಆದೋರ್ನ ಬಿಡ್ತಾರೆ ಅಂದ್ರೆ ನಮ್ಮನೆಯವ್ರು ಎಲ್ಲವ್ರೆ?" ನೀವು ನನಗೆ ತಾಳಿ ಕಟ್ಟಿದ ಮೇಲೆಯೇ ಮಿಲ್ಟ್ರಿ ಸೇರಿದ್ದು ನಿಮ್ಮ ಹೆತ್ತವರಿಗೇ ಮರೆತುಹೋಗಿತ್ತು ನೋಡಿ! ಬಾಯಿ ತೆರೆದ ಮೇಲೆ ಇನ್ನೇನು, ಪೂರ್ತಿ ಹೇಳಿದೆ: "ಅವ್ರನ್ನ ಯಾರೂ ಎಳ್ಕೊಂಡ್ ಹೋಗ್ಲಿಲ್ಲ. ನಾನು ಅತ್ರೂ ಕೇಳ್ದೆ ತಾವಾಗೇ ಹೋದ್ರು. ಎದೆ ಅಳ್ದು, ಓಡ್ಸಿ ನೋಡಿ ತಗೊಂಡ್ರು. ಜೊತೇಲ್ ಹೋದೋರ್ನ ಎಷ್ಟೋ ಜನಾನ ವಾಪಸ್ ಕಳ್ಸಿದ್ರು." ಹೇಳುತ್ತಾ ಹೇಳುತ್ತಾ ನಿಮ್ಮ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಹೆಮ್ಮೆಯಾಗಿಬಿಟ್ಟಿತು. ಅಷ್ಟರಲ್ಲಿ ರಾಮಾಂಜಿನಪ್ಪ ತಲೆಯೆತ್ತಿ, "ಹಂಗಾರೆ ನಂಗೂ ಈಗ್ಲೇ ಮದ್ವೆ ಬ್ಯಾಡಪ್ಪಾ" ಎಂದ. ಆವಲಪ್ಪನವರು ಕಾಫಿ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಮತ್ತೆ ಮದುವೆ ಮಾತೆತ್ತದೆ ಹೊರಟರು. ಸೊಸೆ ಗಂಡಸರ ನಡುವೆ ಬಾಯಿ ಹಾಕಿದಳೆಂದು ಮಾವನವರು ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಬಿಡಲಿ, ನಾನು ಕ್ಷಮೆ ಕೇಳುವವಳಲ್ಲ.

ಹುಷಾರಾಗಿರಿ. ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿಮ್ಮ
ಅನುಸೂಯ

ಮರೆತೆ: ಮುಖ್ಯವಾದದ್ದನ್ನೇ ಬರೆಯಲಿಲ್ಲ. ಇವತ್ತೇ ಮೊದಲ ಪರೀಕ್ಷೆ. ಬೆಳಿಗ್ಗೆ ದೇವನಹಳ್ಳಿ ಬಸ್ಸು ಬರಲೇ ಇಲ್ಲ. ಮಾವನವರು ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿ, ನನ್ನನ್ನೇ ನೋಡಿ ಗದರಿದರು: "ನಿಂತ್ಕೊಂಡ್ ಏನ್ ನೋಡ್ತೀಯಮ್ಮಾ, ಅವಳ್ ಪೆನ್ನಿಗೆ ಶಾಯಿ ತುಂಬ್ಸು!" ಮುನಿಲಕ್ಷ್ಮಿ ಕ್ಯಾರಿಯರ್ ಮೇಲೆ ಕೂತು ಹೋಗಿದ್ದನ್ನು ಬೀದಿಯೆಲ್ಲ ನಿಂತು ನೋಡಿತು. ಗೆದ್ದೆವು ರೀ!