ಬಲೆ ಬದಲಾದ ಜರಡಿ

ಹುಣಸೂರು
೧೨ ನವೆಂಬರ್ ೨೦೨೪

ಪ್ರೀತಿಯ ಮೊಮ್ಮಗಳು ಹಾನಿ, ನಿನ್ನ ದಾದಾನ ಸಲಾಮು, ದುವಾ.

ಹಡಗು ಹತ್ತಿದರೆ ಬರುತ್ತಿದ್ದ ವಾಂತಿ ನಿಂತಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಇಲ್ಲಿ ನನ್ನ ಮಂಡಿ ನೋವೊಂದು ಬಿಟ್ಟರೆ ಎಲ್ಲರೂ ಆರಾಮ. ಕ್ಷೇಮ ಕೇಳಿದ್ದಾಯಿತು, ಇನ್ನು ಬೈಯುತ್ತೇನೆ.

ನಿನ್ನ ಆಫೀಸಿನ ಕಥೆಯನ್ನು ನನಗೆ ಮೊದಲು ಹೇಳಿದವಳು ನಿನ್ನ ಅಮ್ಮ ತಹಸೀನ್, ನಿನ್ನೆ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ. ಕಾರವಾರದಾಚೆ ಸಮುದ್ರದ ತಳದಲ್ಲಿ ನೀನು ಹುಳುಗಳ ನೆಲವೆಂದು ಗುರುತಿಸಿದ ಜಾಗದ ಕೆಸರನ್ನು ನಿನ್ನ ಸಾಹೇಬ ಎರಡನೇ ಸಲ ಎತ್ತಿಸಿ ನೋಡಿ, ಬರೀ ಮರಳು ಎಂದನಂತೆ. ಇನ್ನು ಬಂದರಿನ ಹೂಳನ್ನೆಲ್ಲ ಅಲ್ಲಿಗೇ ಸುರಿಯುತ್ತಾರಂತೆ. ನನ್ನದೇ ತಪ್ಪು ಎಂದು ಸಹಿ ಹಾಕಿಕೊಡಲು ನೀನು ಒಪ್ಪಿದ್ದೀಯಂತೆ. ನನ್ನ ತುತ್ತು ಕೈಯಲ್ಲೇ ಉಳಿಯಿತು.

ನಮ್ಮ ಜರಡಿ ಅಂಗಡಿಯ ಮುಂದೆ ಕೂತು ನೀನೇ ಅಲ್ಲವೇ ಹೇಳಿದ್ದು? ಯಾರು ವಾಸವಿದ್ದಾರೋ ಅವರಿಂದ ಕೇರಿಗೆ ಹೆಸರು ಬರುವ ಹಾಗೆ, ಅಲ್ಲಿ ಗುಂಪಾಗಿ ಬಾಳುವ ಹುಳು, ಚಿಪ್ಪು, ಏಡಿಗಳಿಂದ ಸಮುದ್ರದ ತಳಕ್ಕೂ ಹೆಸರು; ಕೆಸರನ್ನು ಜರಡಿಯಲ್ಲಿ ತೊಳೆದು, ಉಳಿದವರು ಯಾರೆಂದು ನೋಡುವುದು ಎಂದು. ಟೀ ಅಂಗಡಿಯ ಮಂಟಯ್ಯ, "ಅಂಗಾದ್ರೆ ಹುಳಕ್ಕೂ ಓಟರ್ ಕಾರ್ಡು ಮಾಡ್ಸ್‌ಕೊಡವ್ವ" ಅಂದು ನಗಿಸಿದ್ದ.

ನಿಮ್ಮ ಆಫೀಸಿನ ಜರಡಿಗಳಿಗೆ ಬಲೆ ಕಟ್ಟುವುದು ನಾವೇ. ಹೋದ ತಿಂಗಳು ಆ ಸಾಹೇಬನ ಡ್ರೈವರ್ ಬಂದಿದ್ದ. "ಹಾನಿ ಮೇಡಂ ಸಲಾಂ ಹೇಳವ್ರೆ. ಮರಳು ಬೇಗ ಇಳೀಬೇಕಂತೆ, ದಪ್ಪ ಕಣ್ಣಿನ ಬಲೆ ಹಾಕ್ಕೊಡಿ" ಅಂದ. ಮನೆಯವರ ಸಲಾಮು ಹಿಡಿದು ಬಂದವರಿಗೆ ನಾವು ಚಹಾ ಕೊಡುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ನಿನ್ನ ಚಾಚಾ ಮುಜಫರ್ ಹಳೆಯ ಚೌಕಟ್ಟಿಗೇ ಹೊಸ ಬಲೆ ಕಟ್ಟಿಕೊಟ್ಟ. ಮೊದಲಿನದರಲ್ಲಿ ಸಣ್ಣ ರವೆಯೂ ನಿಲ್ಲುತ್ತಿತ್ತು. ಇದರಲ್ಲಿ ರಾಗಿಯೇ ಇಳಿದು ಹೋಗುತ್ತದೆ. ಸಾಹೇಬ ಎರಡನೇ ಸಲ ಕೆಸರು ತೊಳೆಸಿದ್ದು ಇದರಲ್ಲೇ ಇರಬೇಕು. ನಿನ್ನ ಹುಳುಗಳು ಎಲ್ಲಿ ಹೋದವೆಂದು ಈಗ ತಿಳಿಯಿತೇ?

ನಮ್ಮ ಮನೆಯ ಸಲಾಮನ್ನು ಸುಳ್ಳಿಗೆ ಬಳಸಿಕೊಂಡ ಆ ಮನುಷ್ಯನ ಮೇಲೆ ನನಗೆ ಸಿಟ್ಟು. ನಿನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು. ಕೆಸರಿನಲ್ಲಿ ಕೈಯಿಟ್ಟು ಆ ಹುಳುಗಳನ್ನು ಕಣ್ಣಾರೆ ಕಂಡವಳು ನೀನು. ಕುರ್ಚಿಯಲ್ಲಿ ಕೂತವನು ಇಲ್ಲ ಅಂದರೆ ಇಲ್ಲವಾಗಿಬಿಡುತ್ತವೆಯೇ? ಹೂಳು ಬಿದ್ದರೆ ಅವು ಉಸಿರು ಕಟ್ಟಿ ಸಾಯುತ್ತವೆ. ಅವನ್ನು ತಿಂದು ಬೆಳೆಯುವ ಮರಿಮೀನುಗಳೂ ಸಾಯುತ್ತವೆ. ಅದಕ್ಕೆಲ್ಲ ದಾರಿ ಮಾಡಿಕೊಟ್ಟ ಕಾಗದದ ಕೆಳಗೆ ನಿನ್ನ ಹೆಸರಿರುತ್ತದೆ.

ಅಲ್ಲಾಹು ನಿನ್ನ ಬೆನ್ನಿಗಿರಲಿ. ಬಿಸಿನೀರು ಕುಡಿ.

ನಿನ್ನ ದಾದಾ,
ಪೀರ್ ಸಾಬ್

೧೩ನೇ ತಾರೀಖು, ಇನ್ನೊಂದು ಮಾತು: ನಿನ್ನೆ ಸಂಜೆ ಇದನ್ನು ಮನೆಯವರಿಗೆಲ್ಲ ಓದಿದೆ. ಹೋಗಿ ನಿಜ ಹೇಳಿಬಿಡುತ್ತೇನೆ ಎಂದ ಮುಜಫರ್. "ಬಾಯಿ ಬಿಟ್ರೆ ಮೋಸದ ಜರಡಿ ಕಟ್ಟೋರು ಅಂತಾರೆ ಕಣೋ, ಅಂಗಡಿ ಹೆಸರು ಹೋಗುತ್ತೆ" ಎಂದೆ. "ಹೋಗ್ಲಿ ಬುಡಿ ಅಬ್ಬಾ" ಅಂದ. ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯದೆ, ಸಣ್ಣ ಕಣ್ಣಿನ ಬಲೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ನಿನ್ನೂರಿನ ದಾರಿ ಹಿಡಿದಿದ್ದಾನೆ. ಆ ದಪ್ಪ ಕಣ್ಣಿನ ಬಲೆ ಕಟ್ಟಿದವನು ತಾನೇ ಎಂದು ಎಲ್ಲರ ಮುಂದೆ ಹೇಳುತ್ತಾನಂತೆ. ತಹಸೀನ್ ಈ ಕಾಗದದ ಫೋಟೋ ತೆಗೆದು ನಿನಗೆ ಕಳಿಸಲು ಪಕ್ಕದಲ್ಲೇ ನಿಂತಿದ್ದಾಳೆ. ಅವನು ಬಂದು ಇಳಿಯುವವರೆಗೆ ಸಹಿ ಹಾಕಬೇಡ.